ಪ್ರಸಾದಿಸ್ಥಲವೂ ನಾಲಗೆಯ ಬಂಧನವೂ

ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಭಕ್ತನಿಗೆ ಶ್ರದ್ಧಾಭಕ್ತಿಯನ್ನೂ ಮಾಹೇಶ್ವರನಿಗೆ ನಿಷ್ಠಾಭಕ್ತಿಯನ್ನೂ ವಿಧಿಸಿದ ಶಾಸ್ತ್ರವು ಪ್ರಸಾದಿಗೆ ಹೇಳುವುದು ಅವಧಾನಭಕ್ತಿಯನ್ನು. ಉಣ್ಣುವ ವಿಷಯವನ್ನು ಕುರಿತ ಸ್ಥಲದಲ್ಲಿ ಉಪವಾಸವನ್ನು ಮುಂದಿಡದೆ ಅವಧಾನವನ್ನೇ, ಎಂದರೆ ಎಚ್ಚರದ ಗಮನವನ್ನೇ, ಮುಂದಿಟ್ಟಿರುವುದು ಮನನೀಯವಾದ ಸಂಗತಿ. ಪದಾರ್ಥವು ಪ್ರಸಾದವಾಗುವುದು ಕೈಯ ಕ್ರಿಯೆಯೊಂದರಿಂದಲೇ ಅಲ್ಲ. ಅದರ ರೂಪನ್ನು ಇಷ್ಟಲಿಂಗಕ್ಕೂ, ರುಚಿಯನ್ನು ಪ್ರಾಣಲಿಂಗಕ್ಕೂ, ತೃಪ್ತಿಯನ್ನು ಭಾವಲಿಂಗಕ್ಕೂ ಅರ್ಪಿಸಬೇಕೆಂಬುದು ಅನುಭಾವಿಗಳ ಮತ. ಕಣ್ಣು ಕಾಣಬೇಕು, ನಾಲಗೆ ಅರಿಯಬೇಕು, ಮನಸ್ಸು ಸಾಕೆನ್ನಬೇಕು. ಈ ಮೂರೂ ಕೂಡಿದಾಗಲೇ ಊಟವು ಊಟವಾಗುವುದು.

ಈ ಮೂರೂ ಒಮ್ಮೆಗೇ ತಪ್ಪಿಹೋಗುವ ಒಂದು ಸ್ಥಿತಿಯುಂಟು. ಹೊಟ್ಟೆ ತುಂಬಿದ ಮೇಲೂ ಕೈ ನಿಲ್ಲದು. ಏನನ್ನು ತಿನ್ನುತ್ತಿರುವೆನೆಂಬುದು ಕಣ್ಣಿಗೆ ಕಾಣದು. ನಾಲ್ಕನೆಯ ತುತ್ತಿನ ಮೇಲೆ ರುಚಿಯೂ ತಿಳಿಯದು. ತೃಪ್ತಿಯಂತೂ ಬರುವುದೇ ಇಲ್ಲ, ಅದರ ಸ್ಥಾನದಲ್ಲಿ ತನ್ನ ಮೇಲೆಯೇ ಹೇಸಿಕೆ ಬರುವುದು. ಕುಡಿತದ ಚಟವನ್ನೂ ಇಸ್ಪೀಟಿನ ಚಟವನ್ನೂ ಊರೆಲ್ಲ ಬಲ್ಲದು. ಅನ್ನಕ್ಕೂ ಸಿಹಿಗೂ ಅಂಥದೇ ಒಂದು ಕಟ್ಟು ಬೀಳಬಹುದೆಂಬುದನ್ನು ಮಾತ್ರ ಬಹು ಜನ ಒಪ್ಪುವುದಿಲ್ಲ. "ತಿನ್ನುವುದನ್ನು ಕಡಿಮೆ ಮಾಡಿದರಾಯಿತು" ಎಂದು ಹೇಳಿ ಮುಂದೆ ಸಾಗುವರು. ಕಟ್ಟಿಗೆ ಸಿಲುಕಿದವರು ಆ ಮಾತನ್ನು ಕೇಳಿ ತಲೆ ತಗ್ಗಿಸುವರು. ಆ ತಲೆ ತಗ್ಗುವಿಕೆಯೇ ಈ ಲೇಖನದ ಮುಖ್ಯ ವಿಷಯ.

ಸಿಂಧನೂರು, ಲಿಂಗಸೂಗೂರು, ಮಸ್ಕಿಯ ಸೀಮೆಯಲ್ಲಿ ಊಟದ ಚರಿತ್ರೆಯು ಎರಡು ತಲೆಮಾರಿನಲ್ಲಿ ಪೂರ್ಣವಾಗಿ ಬದಲಾಗಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಎಡದಂಡೆಯ ಕಾಲುವೆಯಲ್ಲಿ ನೀರು ಹರಿಯುವ ಮೊದಲು ಇದು ಜೋಳದ ನಾಡು. ಮಳೆ ಬಂದರೆ ರೊಟ್ಟಿ, ಬಾರದಿದ್ದರೆ ಬರ. ಬಳಿಕ ಎರೆಹೊಲಗಳು ಗದ್ದೆಗಳಾದವು, ಸಿಂಧನೂರು ಭತ್ತದ ಪೇಟೆಯಾಯಿತು. ಅದೇ ನೀರಾವರಿಯ ನೆಲದಲ್ಲಿ 1970ರ ಆಸುಪಾಸಿನಲ್ಲಿ ಪೂರ್ವ ಪಾಕಿಸ್ತಾನವನ್ನು ತೊರೆದು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರವು ಭೂಮಿಯಿತ್ತು ನೆಲೆಗೊಳಿಸಿತು. ಆರ್.ಎಚ್. ಕ್ಯಾಂಪು ಎಂದು ಇಂದಿಗೂ ಕರೆಯುವ ಆ ಊರುಗಳು ಪುನರ್ವಸತಿಯ ಇಂಗ್ಲಿಷ್ ಹೆಸರನ್ನೇ ತಮ್ಮ ಹೆಸರಾಗಿ ಹೊತ್ತಿವೆ. ಅನ್ನವನ್ನೇ ಪ್ರಧಾನ ಆಹಾರವಾಗಿ ಉಣ್ಣುವ ಅವರೂ, ರೊಟ್ಟಿಯಿಂದ ಅನ್ನಕ್ಕೆ ತಿರುಗಿದ ಸುತ್ತಲಿನ ಒಕ್ಕಲಿಗರೂ ಒಂದೇ ಕಾಲುವೆಯ ನೀರಿನಲ್ಲಿ ಬದುಕಿದರು. ಇವರಿಬ್ಬರ ಹಿರಿಯರಿಗೂ ಸಮಾನವಾದ ಒಂದು ಸಂಗತಿಯುಂಟು. ಅದು ಹಸಿವಿನ ನೆನಪು. ಒಬ್ಬರು ಮನೆಮಾರು ಬಿಟ್ಟು ಬಂದವರು. ಮತ್ತೊಬ್ಬರು 1972ರ ಬರವನ್ನು ಕಂಡವರು. ಹಸಿವನ್ನು ಕಂಡ ಕೈ ನೀಡುವಾಗ ಧಾರಾಳವಾಗುವುದು ಸಹಜ. ಮಗುವಿನ ತಾಟು ಬರಿದಾಗಲು ಬಿಡದ ಅಜ್ಜಿಯನ್ನು ಯಾರೂ ದೂರಲಾರರು. ಆದರೆ ಕೊರತೆಯ ಕಾಲದಲ್ಲಿ ಕಲಿತ ಪ್ರೀತಿಯ ಭಾಷೆಯು ಸಮೃದ್ಧಿಯ ಕಾಲದಲ್ಲಿಯೂ ಹಾಗೆಯೇ ನಡೆದುಬಂದಿದೆ. ಬೆಳಗಾದರೆ ಮಂಡಕ್ಕಿ ಒಗ್ಗರಣೆಯೊಡನೆ ಮಿರ್ಚಿ, ಮಧ್ಯಾಹ್ನ ಮತ್ತು ರಾತ್ರಿ ಅನ್ನ, ನಡುವೆ ಅಂಗಡಿಯ ಚೀಟಿನ ತಿಂಡಿ, ಹಬ್ಬಕ್ಕೆ ಶೇಂಗಾ ಹೋಳಿಗೆ. ಜೋಳದ ರೊಟ್ಟಿಯನ್ನು ಅಗಿಯದೆ ನುಂಗಲಾಗದು. ಮೆತ್ತನೆಯ ಅನ್ನಸಾರು ಅಗಿಯುವ ಮೊದಲೇ ಇಳಿದುಹೋಗುವುದು. ಅವಧಾನಕ್ಕೆ ಹಿಂದೆ ಹಲ್ಲುಗಳಾದರೂ ಸಹಾಯ ಮಾಡುತ್ತಿದ್ದವು.

ಇಂಥ ಒಂದು ಕ್ಯಾಂಪಿನ ಮಗ್ಗುಲಲ್ಲಿ ಗದ್ದೆಯುಳ್ಳ ಮನೆಯ ಗೃಹಿಣಿಯೊಬ್ಬಳನ್ನು ಭಾವಿಸಬಹುದು. ಹೆಸರು ಬೇಕಿಲ್ಲ, ಇಂಥವರು ಒಬ್ಬರಲ್ಲ. ಹಗಲಿನಲ್ಲಿ ಎಲ್ಲರಿಗೂ ನೀಡಿ ಕಡೆಗೆ ಒಂದು ರೊಟ್ಟಿಯನ್ನು ತಿಂದು ಏಳುವಳು. ಅತ್ತೆಯೂ ಓರಗಿತ್ತಿಯೂ ಅವಳ ಮೈಯನ್ನು ಕುರಿತು ಆಡಿದ ಮಾತು ಕಿವಿಯಲ್ಲಿದೆ. ಆದುದರಿಂದ ಜನರೆದುರಿಗೆ ತಿನ್ನಲು ನಾಚಿಕೆ. ರಾತ್ರಿ ದೀಪ ಆರಿದ ಮೇಲೆ ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳವನ್ನು ಸದ್ದಾಗದಂತೆ ತೆರೆಯುವಳು. ಒಂದು ಉಂಡೆಯೆಂದು ಕೈಯಿಟ್ಟುದು ಡಬ್ಬಿಯ ತಳ ಕಾಣುವವರೆಗೂ ನಿಲ್ಲದು. ಮರುದಿನ ಮಕ್ಕಳು ಕೇಳಿದಾಗ "ಇರುವೆ ಹತ್ತಿದ್ದವು, ಚೆಲ್ಲಿದೆ" ಎಂಬ ಒಂದು ಸುಳ್ಳು. ಇದು ತಿಂಡಿಪೋತತನವಲ್ಲ. ತಿಂಡಿಪೋತನು ಸುಖಪಟ್ಟು ತಿನ್ನುವನು, ನಾಲ್ವರ ನಡುವೆ ಕುಳಿತು ಹೊಗಳಿಕೊಂಡು ತಿನ್ನುವನು. ಇಲ್ಲಿ ಸುಖವಿಲ್ಲ, ಇರುವುದು ಗುಟ್ಟು, ಅವಸರ, ಆಮೇಲಿನ ಪಶ್ಚಾತ್ತಾಪ. ಹಾಗೆಯೇ ಮೈ ದಪ್ಪವಿದ್ದವರೆಲ್ಲರಿಗೂ ಈ ಕಟ್ಟು ಇದೆಯೆಂದು ಭಾವಿಸುವುದೂ ತಪ್ಪು. ತೆಳ್ಳಗಿರುವವರಲ್ಲಿಯೂ ಇದು ಅಡಗಿರುವುದುಂಟು. ಗಂಡಸರಲ್ಲಿ ಇದು ಕಡಿಮೆ ಕಾಣುವುದಕ್ಕೆ ಒಂದು ಕಾರಣವೇನೆಂದರೆ, ಗಂಡಸು ಪೇಟೆಯಲ್ಲಿ ಮೂರು ಸಲ ಮಿರ್ಚಿ ತಿಂದು ಬಂದರೆ ಮನೆಯಲ್ಲಿ ಕೇಳುವವರಿಲ್ಲ.

ವೈದ್ಯಶಾಸ್ತ್ರವು ಈ ಸ್ಥಿತಿಯನ್ನು ಕಾಯಿಲೆಯಾಗಿ ಗಣಿಸಿದುದು ಇತ್ತೀಚಿಗೆ. ತಡೆಯಲಾಗದೆ ಅತಿಯಾಗಿ ತಿಂದು ಬಳಿಕ ತೀವ್ರ ಸಂಕಟಪಡುವ ರೋಗವನ್ನು ಅಮೆರಿಕೆಯ ಮನೋವೈದ್ಯರ ಸಂಘವು 2013ರಲ್ಲಿ ತನ್ನ ಕೈಪಿಡಿಯಲ್ಲಿ ಪ್ರತ್ಯೇಕವಾಗಿ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಪಟ್ಟಿಯಲ್ಲಿಯೂ ಅದಕ್ಕೆ ಸ್ಥಾನವಿದೆ. 'ಆಹಾರ ವ್ಯಸನ' ಎಂಬ ಹೆಸರನ್ನು ಮಾತ್ರ ಎಲ್ಲ ವೈದ್ಯರೂ ಒಪ್ಪಿಲ್ಲ. ಮದ್ಯವನ್ನು ಪೂರ್ತಿಯಾಗಿ ಬಿಡಬಹುದು, ಅನ್ನವನ್ನು ಬಿಡಲಾಗದು. ಹಾಗಿರುವಾಗ ಎರಡನ್ನೂ ಒಂದೇ ಎನ್ನಬಹುದೇ ಎಂಬುದು ವಿವಾದ. ಆದರೆ ಸಕ್ಕರೆ, ಕೊಬ್ಬು, ಉಪ್ಪುಗಳನ್ನು ಕೂಡಿಸಿ ಮಾಡಿದ ತಿನಿಸುಗಳು ಮೆದುಳಿನಲ್ಲಿ ಡೋಪಮೈನ್ ಎಂಬ ರಸವನ್ನು ಪ್ರಚೋದಿಸುವುವು, 'ಇನ್ನೂ ಬೇಕು' ಎಂಬ ಸೆಳೆತವನ್ನು ಬಲಗೊಳಿಸುವುವು ಎಂಬ ಅಂಶದಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ದುಃಖ, ಒಂಟಿತನ, ಅವಮಾನ, ನಿದ್ರೆಗೇಡು ಇವು ಆ ಸೆಳೆತಕ್ಕೆ ಗಾಳಿ ಹಾಕುವುವು. ಆದುದರಿಂದ "ಮನಸ್ಸು ಗಟ್ಟಿಯಿಲ್ಲ" ಎಂಬ ಒಂದೇ ಮಾತಿನಿಂದ ಇದನ್ನು ತೀರಿಸಲಾಗದು.

ಇನ್ನು ಇದರಿಂದ ಆತ್ಮಗೌರವಕ್ಕೆ ಒದಗುವ ಹಾನಿಯನ್ನು ನೋಡಬೇಕು. ದೇಹಕ್ಕಾಗುವ ಹಾನಿಯಾದರೋ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಳಕಾಲ ನೋವುಗಳ ರೂಪದಲ್ಲಿ ಬರುವುದು; ಅದನ್ನು ಅಳೆಯಲು ಯಂತ್ರಗಳಿವೆ. ಮನಸ್ಸಿನ ಹಾನಿಯನ್ನು ಅಳೆಯುವವರಿಲ್ಲ. ಮೊದಲು ಮದುವೆಯ ಮನೆಗೆ ಹೋಗುವುದು ನಿಲ್ಲುವುದು. ಅಲ್ಲಿ ಪಂಕ್ತಿಯಲ್ಲಿ ಕುಳಿತಾಗ ಎಲ್ಲರ ಕಣ್ಣೂ ತನ್ನ ಎಲೆಯ ಮೇಲಿದೆಯೆಂಬ ಭಾವನೆ. ಬಳಿಕ ಜಾತ್ರೆಗೆ ಹೋಗುವುದು ನಿಲ್ಲುವುದು. ಆಮೇಲೆ ಕನ್ನಡಿ ನೋಡುವುದು ತಪ್ಪುವುದು. ತಾನು ಆಡಿದ ಮಾತನ್ನು ತಾನೇ ನಂಬದಂತಾಗುವುದು. 'ನಾಳೆಯಿಂದ ಇಲ್ಲ' ಎಂದು ನೂರು ಸಲ ಹೇಳಿ ನೂರು ಸಲವೂ ಸೋತವರಿಗೆ ತಮ್ಮ ಮಾತಿಗೆ ಬೆಲೆಯಿಲ್ಲವೆಂಬ ನಿಶ್ಚಯ ಬೇರೂರುವುದು. ಮಕ್ಕಳ ಶಾಲೆಯ ವಿಷಯ, ಹೊಲದ ಲೆಕ್ಕ ಇವುಗಳಲ್ಲಿಯೂ ತಮ್ಮ ಅಭಿಪ್ರಾಯ ಹೇಳಲು ಹಿಂಜರಿಯುವರು. ಭಕ್ತರ ಮನೆಯಲ್ಲಿ ಇದಕ್ಕಿಂತ ಆಳವಾದ ಒಂದು ಹಾನಿಯಾಗುವುದುಂಟು. ರಾತ್ರಿ ಕದ್ದು ತಿಂದವರು ಬೆಳಿಗ್ಗೆ ಇಷ್ಟಲಿಂಗವನ್ನು ಕರಸ್ಥಲಕ್ಕೆ ತೆಗೆದುಕೊಳ್ಳಲು ಅಂಜುವರು. ಅರ್ಪಿಸದೆ ತಿಂದ ಬಾಯಿಯಿಂದ ಮಂತ್ರವನ್ನು ಹೇಗೆ ನುಡಿಯುವುದೆಂಬ ಅಳುಕು. ಒಂದು ದಿನ ಪೂಜೆ ತಪ್ಪುವುದು, ಮರುದಿನ ತಪ್ಪಿದುದಕ್ಕೆ ಇನ್ನಷ್ಟು ಅಳುಕು. ಹೀಗೆ ಯಾವ ಆಸರೆಯು ಹಿಡಿದೆತ್ತಬೇಕಿತ್ತೋ ಅದರಿಂದಲೇ ಮನುಷ್ಯನು ದೂರ ಸರಿಯುವನು. ಗುರುವು ದೀಕ್ಷೆಯ ಕಾಲದಲ್ಲಿ ಲಿಂಗವನ್ನು ಅಂಗೈಗೆ ಇತ್ತಾಗ ಆ ಅಂಗದ ತೂಕವನ್ನು ನೋಡಿ ಇತ್ತುದಲ್ಲ. ಬಸವಣ್ಣನವರು ದೇಹವನ್ನು ಶಿವನಿಗೆ ಸಲ್ಲುವ ಗುಡಿಯಾಗಿ ಕಂಡಾಗ ಸುಂದರವಾದ ದೇಹವನ್ನು ಮಾತ್ರ ಎಂದು ಗೆರೆಯೆಳೆಯಲಿಲ್ಲ.

ನಾಚಿಕೆಯು ಈ ಚಟವನ್ನು ಬಿಡಿಸುವುದೆಂಬ ನಂಬಿಕೆ ಲೋಕದಲ್ಲಿ ಪ್ರಬಲವಾಗಿದೆ. ಹೀಯಾಳಿಸಿದರೆ ಬುದ್ಧಿ ಬರುವುದೆಂದು ಮನೆಯವರೂ, ತನ್ನನ್ನು ತಾನು ಹಳಿದುಕೊಂಡರೆ ಸರಿಹೋಗುವೆನೆಂದು ಸಿಲುಕಿದವರೂ ನಂಬಿರುವರು. ನಡೆಯುವುದು ಇದಕ್ಕೆ ವಿಪರೀತ. ನಾಚಿಕೆಯ ಸಂಕಟವು ತಾಳಲಾರದಾದಾಗ ಮನಸ್ಸು ತನಗೆ ಗೊತ್ತಿರುವ ಒಂದೇ ಸಾಂತ್ವನದ ಕಡೆಗೆ, ಆ ಡಬ್ಬಿಯ ಕಡೆಗೇ, ಓಡುವುದು. ತಿಂದುದರಿಂದ ನಾಚಿಕೆ, ನಾಚಿಕೆಯಿಂದ ಮತ್ತೆ ತಿನ್ನುವುದು. ಗಾಣದ ಎತ್ತು ಸುತ್ತಿದಂತೆ ಸುತ್ತುತ್ತಿರುವುದು.

ಕೆಲವರು ಇದಕ್ಕೆ ಪ್ರಾಯಶ್ಚಿತ್ತವಾಗಿ ಕಠಿನವಾದ ಉಪವಾಸವನ್ನು ಹಿಡಿಯುವರು. ರಾತ್ರಿ ಅತಿಯಾಗಿ ತಿಂದವರು ಮರುದಿನವೆಲ್ಲ ನೀರೊಂದರಿಂದಲೇ ಕಳೆಯುವರು. ಆ ರಾತ್ರಿ ಮತ್ತೆ ಇಮ್ಮಡಿಯಾಗಿ ತಿನ್ನುವರು. ಇದರ ಕಾರಣವನ್ನು ಅರಿಯಲು ಒಂದು ಹಳೆಯ ಪ್ರಯೋಗವು ಸಹಾಯಕವಾಗುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1944-45ರಲ್ಲಿ, ಅಮೆರಿಕೆಯ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯು 36 ಮಂದಿ ಆರೋಗ್ಯವಂತ ಯುವಕರಿಗೆ, ಅವರ ಒಪ್ಪಿಗೆಯಿಂದಲೇ, ಸುಮಾರು ಆರು ತಿಂಗಳು ಅರೆಹೊಟ್ಟೆಯ ಊಟವನ್ನು ಕೊಟ್ಟನು. ಯುದ್ಧದಿಂದ ಹಸಿದ ಜನರಿಗೆ ಹೇಗೆ ಮತ್ತೆ ಊಟ ಕೊಡಬೇಕೆಂಬುದನ್ನು ತಿಳಿಯುವುದೇ ಅದರ ಉದ್ದೇಶ. ಆ ಯುವಕರು ತಮ್ಮ ತೂಕದ ಸುಮಾರು ಕಾಲುಭಾಗವನ್ನು ಕಳೆದುಕೊಂಡರು. ಹಗಲಿರುಳೂ ಊಟದ ಚಿಂತೆಯೇ ಅವರನ್ನು ಆವರಿಸಿತು. ಕೆಲವರು ಅಡುಗೆಯ ಪುಸ್ತಕಗಳನ್ನು ಓದುತ್ತ ಕುಳಿತರು. ಊಟ ಮತ್ತೆ ಸಿಕ್ಕಾಗ ಹಲವರಿಗೆ ಎಷ್ಟು ತಿಂದರೂ ಸಾಕೆನಿಸಲಿಲ್ಲ. ಇವರಾರೂ ಮೊದಲು ಹೊಟ್ಟೆಬಾಕರಾಗಿರಲಿಲ್ಲ. ಹಸಿವೆಯನ್ನು ತುಳಿದರೆ ಅದು ಮತ್ತಷ್ಟು ಬಲವಾಗಿ ಏಳುವುದೆಂಬುದು ಇದರಿಂದ ವಿದಿತವಾಗುವುದು.

ಶರಣರು ಇದನ್ನು ಪ್ರಯೋಗವಿಲ್ಲದೆಯೇ ಕಂಡಿದ್ದರು. ದೇಹವನ್ನು ದಂಡಿಸುವುದನ್ನೇ ಸಾಧನೆಯೆಂದು ಬಗೆದವರನ್ನು ಅಲ್ಲಮಪ್ರಭುಗಳು ಒಪ್ಪಲಿಲ್ಲ. ಅಕ್ಕಮಹಾದೇವಿಯು ಹಸಿವೆಯನ್ನು ಶತ್ರುವೆಂದು ಬೈಯದೆ, ಎದುರಿಗೆ ನಿಂತವರೊಡನೆ ಮಾತನಾಡುವಂತೆ ಅದರೊಡನೆ ಮಾತನಾಡಿದ ವಚನವೊಂದು ಪ್ರಸಿದ್ಧವಾಗಿಯೇ ಇದೆ. ಅರಣ್ಯದಲ್ಲಿ ನಡೆದ ವೈರಾಗ್ಯನಿಧಿಯೇ ಹಸಿವೆಗೆ ಇಷ್ಟು ಮರ್ಯಾದೆ ಕೊಟ್ಟಿರುವಾಗ, ಸಂಸಾರಿಗಳು ಅದನ್ನು ದ್ವೇಷಿಸುವುದೇಕೆ? ಶಿವರಾತ್ರಿಯ ಉಪವಾಸದ ವಿಷಯದಲ್ಲಿಯೂ ಇದನ್ನು ನೆನೆಯಬೇಕು. ಸಕ್ಕರೆ ಕಾಯಿಲೆಯುಳ್ಳವರಾಗಲಿ ಈ ಕಟ್ಟಿಗೆ ಸಿಲುಕಿದವರಾಗಲಿ ಹೊತ್ತಿಗೆ ಸರಿಯಾಗಿ ಮಿತವಾಗಿ ಉಂಡು ಜಾಗರಣೆ ಮಾಡಿದರೆ ಶಿವನಿಗೆ ಕೊರತೆಯೇನೂ ಆಗದು.

ಹಾಗಾದರೆ ಮಿತಿಯನ್ನು ಕಲಿಯುವುದು ಹೇಗೆ? ಇದಕ್ಕೆ ಉತ್ತರವು ಇದೇ ಸೀಮೆಯವರೆಂದು ಪರಂಪರೆಯು ಹೇಳುವ ಇಬ್ಬರು ಶರಣರ ಬಾಳಿನಲ್ಲಿದೆ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಲಿಂಗಸೂಗೂರು ತಾಲೂಕಿನ ಅಮರೇಶ್ವರದವರು. ಅವರ ವಚನಗಳ ಅಂಕಿತದಲ್ಲಿಯೂ ಅಮರೇಶ್ವರಲಿಂಗನೇ ಇರುವನು. ಕಲ್ಯಾಣದಲ್ಲಿ ನೆಲೆಸಿದ ಮಾರಯ್ಯನ ಕಾಯಕವೆಂದರೆ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಆ ಅಕ್ಕಿಯಿಂದ ಲಕ್ಕಮ್ಮನು ಅಡಿಗೆ ಮಾಡಿ ಜಂಗಮ ದಾಸೋಹವನ್ನು ನಡೆಸುವಳು. ಒಂದು ದಿನ ಮಾರಯ್ಯನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನ ಕಣ್ಣಿಗೆ ಅದು ಕೂಡಲೆ ಕಂಡಿತು. ಇಷ್ಟು ನಮಗೆ ಸಲ್ಲದು, ಇದು ಮನಸ್ಸಿನ ಆಸೆಯೋ ಹೇಗೆ ಎಂದು ಕೇಳಿ, ಹೆಚ್ಚಾದುದನ್ನು ಹಿಂದಕ್ಕೆ ಕೊಟ್ಟುಬರುವಂತೆ ಹೇಳಿದಳು. ಮಾರಯ್ಯನು ಹಾಗೆಯೇ ಮಾಡಿದನು.

ಈ ಪ್ರಸಂಗವನ್ನು ಸಾಮಾನ್ಯವಾಗಿ ಅಪರಿಗ್ರಹಕ್ಕೆ ಉದಾಹರಣೆಯಾಗಿ ಹೇಳುವರು, ಅದು ಸರಿಯೇ. ಆದರೆ ಲಕ್ಕಮ್ಮನು ಮಾಡಿದ ಕಾರ್ಯದ ರೀತಿಯನ್ನು ಇನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು. ಅವಳು ಅಕ್ಕಿಯನ್ನೆಲ್ಲ ಚೆಲ್ಲಲಿಲ್ಲ. ನಿತ್ಯದ ಪಾಲು ಮನೆಯಲ್ಲಿಯೇ ಉಳಿಯಿತು, ಅಂದಿನ ದಾಸೋಹವೂ ನಡೆಯಿತು. ಹಿಂದಕ್ಕೆ ಹೋದುದು ಮಿಕ್ಕದ್ದು ಮಾತ್ರ. ಅವಳಿಗೆ ಅಳತೆಯು ಮೊದಲೇ ಗೊತ್ತಿದ್ದಿತು. ಆದುದರಿಂದಲೇ ಹೆಚ್ಚು ಕಾಣಿಸಿತು. ಪ್ರತಿದಿನವೂ ನಿಯತವಾಗಿ ಇಷ್ಟು ಎಂದು ಉಣ್ಣುವವರಿಗೆ ಮಾತ್ರ ಹೆಚ್ಚು ಯಾವುದೆಂಬುದು ತಿಳಿಯುವುದು. ಒಂದು ದಿನ ಉಪವಾಸ, ಒಂದು ದಿನ ಅತಿ ಎಂದು ನಡೆಯುವ ಮನೆಯಲ್ಲಿ ಅಳತೆಯೇ ಇರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅವಳು ಗಂಡನನ್ನು ಆಸೆಬುರುಕನೆಂದು ತಿರಸ್ಕರಿಸಲಿಲ್ಲ. ಕಾಯಕದಿಂದ ಬಿಡಿಸಲೂ ಇಲ್ಲ. ದೋಷವನ್ನು ಅಕ್ಕಿಯ ಅಳತೆಯಲ್ಲಿ ಕಂಡಳೇ ಹೊರತು ಮಾರಯ್ಯನ ಬೆಲೆಯಲ್ಲಿ ಕಾಣಲಿಲ್ಲ. ಕದ್ದು ತಿಂದ ರಾತ್ರಿಯ ಮರುದಿನ ತನಗೆ ತಾನು ಲಕ್ಕಮ್ಮನಾಗಬಲ್ಲವರಿಗೆ ಅರ್ಧ ಬಿಡುಗಡೆ ದೊರೆತಂತೆಯೇ. 'ನಿನ್ನೆ ಹೆಚ್ಚಾಯಿತು' ಎಂಬುದು ಒಂದು ಮಾತು. 'ನಾನು ಕೆಟ್ಟವಳು' ಎಂಬುದು ಬೇರೆಯೇ ಒಂದು ಮಾತು. ಮೊದಲನೆಯದನ್ನು ತಿದ್ದಬಹುದು.

ಪ್ರಸಾದವನ್ನು ಬಿಡಬಾರದೆಂಬ ನೇಮವು ಈ ವಿಷಯದಲ್ಲಿ ತಪ್ಪಾಗಿ ಬಳಕೆಯಾಗುತ್ತಿರುವುದನ್ನೂ ಹೇಳಬೇಕು. ತಾಟಿನಲ್ಲಿ ಬಿದ್ದುದನ್ನು ಒಂದಗುಳೂ ಬಿಡದೆ ಸ್ವೀಕರಿಸುವುದು ಪ್ರಸಾದಿಯ ಧರ್ಮ. ಈ ನೇಮದ ಹುರುಳು ಉಣ್ಣುವ ಹೊತ್ತಿನಲ್ಲಿಲ್ಲ, ನೀಡಿಸಿಕೊಳ್ಳುವ ಹೊತ್ತಿನಲ್ಲಿದೆ. ಬಿಡಬಾರದಾದುದರಿಂದಲೇ ಬೇಕಾದಷ್ಟನ್ನು ಮಾತ್ರ ನೀಡಿಸಿಕೊಳ್ಳಬೇಕು. ಆದರೆ ಪಂಕ್ತಿಯಲ್ಲಿ ನಡೆಯುವುದೇನು? ಕೈ ಅಡ್ಡ ಹಿಡಿದವರ ಬೆರಳ ಸಂದಿಯಿಂದಲೇ ಹುಗ್ಗಿ ಇಳಿಯುವುದು. "ಇನ್ನೊಂದು ಹೋಳಿಗಿ ಹಾಕ್ಕೊಳ್ರಿ, ಒಲ್ಲೆ ಅನಬ್ಯಾಡ್ರಿ" ಎಂಬ ಬಲವಂತ. ಹಾಕಿಸಿಕೊಂಡ ಮೇಲೆ "ಪ್ರಸಾದ ಬಿಡಬಾರದು" ಎಂಬ ಉಪದೇಶ. ನೀಡುವವರಿಗೆ ಇದು ಔದಾರ್ಯವೆನಿಸಬಹುದು. ತಿನ್ನುವ ಕಟ್ಟಿನೊಡನೆ ಹೋರಾಡುತ್ತಿರುವವರಿಗೆ ಇದೇ ಶಿಕ್ಷೆ. ಸಾಕೆಂದವರಿಗೆ ನೀಡದಿರುವುದೂ ದಾಸೋಹದ ಮರ್ಯಾದೆಯೇ.

ಮನೆಯವರು ಮಾಡಬಹುದಾದುದು ಬಹಳ ದೊಡ್ಡದೇನೂ ಅಲ್ಲ. ಡಬ್ಬಿಗೆ ಬೀಗ ಹಾಕುವುದರಿಂದ ಅವಮಾನವೇ ಹೆಚ್ಚುವುದು. ಅದಕ್ಕಿಂತ, ಎಲ್ಲರಿಗೂ ನೀಡಿ ಕಡೆಗೆ ಒಬ್ಬಳೇ ಉಣ್ಣುವ ಪದ್ಧತಿಯನ್ನು ಬಿಟ್ಟು ಸೊಸೆಯನ್ನೂ ಜೊತೆಯಲ್ಲಿ ಕೂರಿಸಿಕೊಂಡು ಮೂರು ಹೊತ್ತೂ ಗೊತ್ತಾದ ವೇಳೆಗೆ ಉಣ್ಣುವುದು ಮೇಲು. ಹಗಲು ಹೊಟ್ಟೆ ತುಂಬ ಉಂಡವರಿಗೆ ರಾತ್ರಿಯ ಸೆಳೆತವು ಅರ್ಧಕ್ಕೆ ಇಳಿಯುವುದುಂಟು. ಮೈಯನ್ನು ಕುರಿತ ಹಾಸ್ಯವನ್ನು, ಪ್ರೀತಿಯ ಹಾಸ್ಯವನ್ನೂ ಸಹ, ನಿಲ್ಲಿಸಬೇಕು. ಮೊದಲ ತುತ್ತಿಗೆ ಮುನ್ನ ತಾಟನ್ನು ನೋಡಿ, ಲಿಂಗಕ್ಕೆ ಅರ್ಪಿಸಿ, ಒಂದು ಕ್ಷಣ ನಿಲ್ಲುವ ಹಳೆಯ ರೂಢಿಯು ಹಲವು ಮನೆಗಳಲ್ಲಿ ಟಿ.ವಿ.ಯ ಮುಂದೆ ಕರಗಿಹೋಗಿದೆ. ಇಂದು ವೈದ್ಯರು ಗಮನವಿಟ್ಟು ಉಣ್ಣುವುದನ್ನು ಕಲಿಸುವಾಗ ಹೇಳುವುದೂ ಹೆಚ್ಚುಕಡಿಮೆ ಇದನ್ನೇ: ನೋಡು, ನಿಧಾನವಾಗಿ ಅಗಿ, ಸಾಕಾಯಿತೇ ಎಂದು ನಡುವೆ ಕೇಳಿಕೋ.

ಗುಟ್ಟನ್ನು ಒಬ್ಬರೊಡನೆಯಾದರೂ ಹಂಚಿಕೊಳ್ಳುವುದು ಮತ್ತೊಂದು ದಾರಿ. ಅನುಭವ ಮಂಟಪದಲ್ಲಿ ಶರಣರು ತಮ್ಮ ಗೆಲವನ್ನು ಮಾತ್ರವಲ್ಲದೆ ಮನಸ್ಸಿನ ಚಂಚಲತೆಯನ್ನೂ ಇತರರ ಮುಂದೆ ಇಟ್ಟರು. ವಚನಗಳಲ್ಲಿ ಅಂಥ ನಿವೇದನೆಗಳು ಹೇರಳವಾಗಿವೆ. 1960ರಲ್ಲಿ ಅಮೆರಿಕೆಯ ಲಾಸ್ ಏಂಜಲಿಸ್ ನಗರದಲ್ಲಿ ಆರಂಭವಾದ ಓವರ್‌ಈಟರ್ಸ್ ಅನಾನಿಮಸ್ ಎಂಬ ಕೂಟವು ಈ ಒಂದು ತತ್ತ್ವದ ಮೇಲೆಯೇ ನಿಂತಿದೆ. ಅಲ್ಲಿ ಈ ಚಟಕ್ಕೆ ಸಿಲುಕಿದವರೇ ಸೇರಿ, ಹೆಸರು ಅಂತಸ್ತುಗಳನ್ನು ಬದಿಗಿಟ್ಟು, ತಂತಮ್ಮ ಸಂಕಟವನ್ನು ಹೇಳಿಕೊಳ್ಳುವರು. ಕೇಳುವವರು ತೀರ್ಪು ಕೊಡುವುದಿಲ್ಲ. ಊರಿನ ಅಕ್ಕನ ಬಳಗವೋ ಸೋಮವಾರದ ಭಜನೆಯ ಕೂಟವೋ ಇಷ್ಟನ್ನು ಮಾಡಲು ಕಷ್ಟವಿಲ್ಲ, ಕೇಳಿದುದು ಹೊರಗೆ ಹೋಗದಂತೆ ನೋಡಿಕೊಂಡರೆ. ಆ ಕಡೆಯ ಮಾತೇ ಕಠಿನವಾದುದು.

ಇಷ್ಟರಿಂದ ಸಾಲದಿದ್ದರೆ, ತಿಂದುದನ್ನು ಬೇಕೆಂದೇ ವಾಂತಿ ಮಾಡುವುದು, ಬದುಕೇ ಬೇಡವೆನಿಸುವುದು ಮುಂತಾದವು ಕಂಡುಬಂದರೆ, ವೈದ್ಯರ ಬಳಿಗೆ ಹೋಗುವುದರಲ್ಲಿ ತಡಮಾಡಬಾರದು. ಇದಕ್ಕೆ ಮಾತಿನ ಚಿಕಿತ್ಸೆಯೂ ಔಷಧಗಳೂ ಇವೆ. ಮನಸ್ಸಿನ ಕಾಯಿಲೆಗೆ ಬೆಂಗಳೂರಿಗೇ ಹೋಗಬೇಕೆಂಬ ಕಾಲವೂ ಹೋಯಿತು. ಜಿಲ್ಲೆಯ ಮಟ್ಟದಲ್ಲಿಯೇ ಮಾನಸಿಕ ಚಿಕಿತ್ಸೆ ದೊರೆಯಬೇಕೆಂಬ ಪ್ರಯತ್ನವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಮೊದಲು ಕೈಗೊಂಡುದು ಸಿಂಧನೂರಿಗೆ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಹುಟ್ಟಿತು. 2022ರ ಅಕ್ಟೋಬರಿನಲ್ಲಿ ಭಾರತ ಸರ್ಕಾರವು ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಫೋನ್ ಮಾಡಿದರೆ ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಹಗಲಾಗಲಿ, ಮನೆಯೆಲ್ಲ ಮಲಗಿ ಡಬ್ಬಿಯ ಮುಚ್ಚಳಕ್ಕೆ ಕೈ ಹೋಗುವ ಹೊತ್ತಾಗಲಿ, ಆ ಕರೆಗೆ ಉತ್ತರಿಸುವವರಿರುವರು.